ಸಂಡೂರಿನ ಏರಿನಲ್ಲಿ ಕೇಳಿದ ಸದ್ದು

ಕೆಲವು ದಿನಗಳಿಂದ ನನ್ನ ಕಾರಿನ ಹೊಟ್ಟೆಯೊಳಗೆ ಯಾರೋ ಕುಳಿತು ಕೆಮ್ಮುತ್ತಿದ್ದಾರೆ. ಕಾರು ಹೊಸದೇನಲ್ಲ, ಕೆಮ್ಮುವ ವಯಸ್ಸಿನದೇ. ಆದರೆ ಈ ಕೆಮ್ಮು ಭಾರಿ ಹಟಮಾರಿ. ನಾನೊಬ್ಬನೇ ಇದ್ದಾಗ ಧಾರಾಳವಾಗಿ ಬರುತ್ತದೆ; ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಈಗ ಕೇಳು’ ಎಂದರೆ ಸೊಲ್ಲೇ ಇಲ್ಲ. ಅವಳು ಕಾರನ್ನು ಬಿಟ್ಟು ನನ್ನನ್ನು ನೋಡತೊಡಗಿದ ಮೇಲೆ, ಇನ್ನು ತಡ ಮಾಡಬಾರದು ಎನಿಸಿ ಗ್ಯಾರೇಜಿಗೆ ಒಯ್ದೆ.

ಹೊಸಪೇಟೆಯ ಗ್ಯಾರೇಜುಗಳು ಈಗ ಮೊದಲಿನಂತಿಲ್ಲ. ಗಾಜಿನ ಬಾಗಿಲು, ತಂಪು ಗಾಳಿ, ಕಾಯುವವರಿಗೆ ಕುರ್ಚಿ, ಕಾಫಿ. ಕಾರಿಗೆ ಒಂದು ವೈರು ಚುಚ್ಚಿ ಕಂಪ್ಯೂಟರಿನಲ್ಲಿ ನೋಡಿದರು. ಅದರ ಪ್ರಕಾರ ನನ್ನ ಕಾರು ಪರಮ ಆರೋಗ್ಯವಂತ. ಮೇಜಿನ ಹಿಂದೆ ಕುಳಿತಿದ್ದ ಯುವತಿ ಬಹಳ ಮರ್ಯಾದೆಯಿಂದ, “ಸೌಂಡು ಹೆಂಗ ಬರ್ತೈತಿ ಸರ್? ಒಂದ್ಸಲ ಮಾಡಿ ತೋರ್ಸ್ರಿ” ಎಂದಳು.

ಮಾಡಿ ತೋರಿಸಿದೆ. ಕುರ್ಚಿಯಲ್ಲಿದ್ದವರೆಲ್ಲ ಮೊಬೈಲು ಕೆಳಗಿಳಿಸಿ ನನ್ನನ್ನೇ ನೋಡಿದರು. ಆದರೆ ಆ ಹುಡುಗಿ ನಗಲಿಲ್ಲ. “ಕಡೀಗೆ ಕಟಕ್ ಅಂದ್ರಲ್ಲ, ಅದು ಒಣಾ ಕಟಕ್ಕೋ, ಎಣ್ಣಿಯಾಗ ಬಡಿದಂಗ ಕಟಕ್ಕೋ?” ಎಂದು ಕೇಳಿದಳು. ಇಂಥ ಪ್ರಶ್ನೆ ಕೇಳುವ ಒಬ್ಬರೇ ಒಬ್ಬರು ನನಗೆ ಗೊತ್ತು. ಅವರು ಕಂಪ್ಲಿಯ ಪಂಪಣ್ಣ ಮಾವ, ನನ್ನ ತಾಯಿಯ ತಮ್ಮ.

ಮಾವನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಗಿರಣಿಯ ಮನೆಯವರ ಮಾತು ಹೇಗಿರುತ್ತದೆಂದು ನೀವು ಕೇಳಿರಬಹುದು. ‘ಚಾಕ್ಕ ಸಕ್ಕರಿ ಹಾಕ್ಲೇನು?’ ಎಂಬುದನ್ನೂ ಓಣಿಯವರಿಗೆಲ್ಲ ತಿಳಿಯುವಂತೆ ಹೇಳುತ್ತಾರೆ. ಯಂತ್ರ ತಿರುಗುವಾಗ ಒಳಗೆ ನಿಂತವರು ಒಬ್ಬರ ತುಟಿಯನ್ನು ಇನ್ನೊಬ್ಬರು ನೋಡಿಯೇ ಮಾತು ಹಿಡಿಯಬೇಕು. ಅಂಥ ಗದ್ದಲದಲ್ಲೂ ಮಾವ ಹೊರಗಿನ ಗಲ್ಲಾದ ಮೇಲೆ ಕುಳಿತು ಭತ್ತದವರ ಜೊತೆ ವ್ಯವಹಾರ ಮಾಡುತ್ತ, ನಡುವೆ ಸಟ್ಟನೆ ಕೈಯೆತ್ತಿ, “ಆ ಮೂಲ್ಯಾಗಿನ ಬೇರಿಂಗ್ ಒಣಗೈತಿ, ಗ್ರೀಸ್ ಹಾಕ್ರಿ” ಎಂದು ಕೂಗುತ್ತಿದ್ದರು. ಹೋಗಿ ನೋಡಿದರೆ ಒಣಗಿರುತ್ತಿತ್ತು. ಕೆಲವರಿಗೆ ಮೀಸೆಯ ಜಂಬ, ಕೆಲವರಿಗೆ ಹೊಲದ ಜಂಬ. ಮಾವನಿಗೆ ಕಿವಿಯ ಜಂಬ.

ಆ ಕಿವಿಗೆ ತಕ್ಕ ಕಾರೊಂದು ಅವರಲ್ಲಿತ್ತು. ಬಿಳಿಯದು, ನಮ್ಮ ಕಡೆಯ ಅದಿರಿನ ಧೂಳು ಕುಡಿದು ಕುಡಿದು ನಸುಗೆಂಪಿಗೆ ತಿರುಗಿದ್ದು. ಹಿಂದಿನ ಚಕ್ರಗಳಿಂದ ಓಡುವ ಹಳೆಯ ಕಾಲದ ಕಾರು. ಎಂದರೆ ಎಂಜಿನ್ ಮುಂದೆ, ತಿರುಗಬೇಕಾದ ಚಕ್ರ ಹಿಂದೆ. ಎರಡರ ನಡುವೆ, ಕೂತವರ ಕಾಲ ಕೆಳಗೆ, ಉದ್ದನೆಯ ಒಂದು ಶಾಫ್ಟು. ಇಂಥ ಕಾರಿನಲ್ಲಿ ಸದ್ದು ಹುಟ್ಟಲು ಜಾಗಕ್ಕೆ ಬರವಿಲ್ಲ. ಗೇರು, ಶಾಫ್ಟಿನ ಎರಡು ತುದಿಯ ಕೀಲು, ಹಿಂದಿನ ಡಬ್ಬಿಯೊಳಗಿನ ಹಲ್ಲುಚಕ್ರ, ನಾಲ್ಕು ಕಡೆಯ ಬೇರಿಂಗು. ಒಂದು ಸುಮ್ಮನಾದರೆ ಇನ್ನೊಂದು ಮಾತಿಗೆ ಶುರು ಮಾಡುತ್ತಿತ್ತು.

ಸದ್ದು ಪತ್ತೆ ಮಾಡಲು ಮಾವನದೇ ಒಂದು ಕ್ರಮವಿತ್ತು. ಕಮಲಾಪುರದ ಹತ್ತಿರ ರಸ್ತೆಯ ಮಗ್ಗುಲಿಗೇ ಹಳೆಯ ಕಲ್ಲುಗೋಡೆ ಬರುತ್ತದಲ್ಲ, ಅಲ್ಲಿ ಕಾರಿನ ಗಾಜು ಇಳಿಸಿ, ಗೋಡೆಗೆ ಅಂಟಿಕೊಂಡಂತೆ ನಿಧಾನ ಓಡಿಸುವುದು. ಕಾರಿನ ಕೆಳಗಿನ ಸದ್ದು ಗೋಡೆಗೆ ಬಡಿದು ನೇರ ಕಿವಿಗೆ ಬರುತ್ತದೆ. ಎಲ್ಲೆಲ್ಲಿಂದಲೋ ಜನ ಹಂಪಿಯನ್ನು ನೋಡಲು ಬರುತ್ತಾರೆ. ಮಾವ ಮಾತ್ರ ಅದನ್ನು ಕೇಳಲು ಹೋಗುತ್ತಿದ್ದರು. ರಾಜರು ಅಷ್ಟು ಕಷ್ಟಪಟ್ಟು ಗೋಡೆ ಕಟ್ಟಿಸಿದ್ದು ತಮ್ಮ ಬೇರಿಂಗಿನ ಪರೀಕ್ಷೆಗೇ ಎಂದು ಅವರು ನಂಬಿದ್ದಂತೆ ಕಾಣುತ್ತಿತ್ತು. ಗೈಡುಗಳು ಅವರ ಕಾರು ಕಂಡರೆ ಪ್ರವಾಸಿಗರನ್ನು ಪಕ್ಕಕ್ಕೆ ಸರಿಸುತ್ತಿದ್ದರು.

ಎಡಗಡೆ ಸೀಟಿನಲ್ಲಿ ಯಾವಾಗಲೂ ಗೌರತ್ತೆ. ಮಾವನ ಹೆಂಡತಿ. ಮೊದಮೊದಲು ಅವರು ಸೆರಗು ಹೊದ್ದು ಸುಮ್ಮನೆ ಕೂತಿರುತ್ತಿದ್ದರು. ಬರಬರುತ್ತ, ಕಿಟಕಿಯಿಂದ ಹೊರಗೆ ನೋಡುತ್ತಲೇ ಏನಾದರೊಂದು ಅನ್ನತೊಡಗಿದರು. “ಯಾಕೋ ತಿರುವಿನ್ಯಾಗ ಜ್ವಾಳ ಬೀಸಿದಂಗ ಆಗ್ತೈತಲ್ಲ” ಎನ್ನುವರು. ಮಾವ ತಲೆಯಾಡಿಸಿ, “ಒಣಾ ಜ್ವಾಳನೋ, ನೆನಸಿದ್ದೋ?” ಎನ್ನುವರು. “ಒಣಾದ್ದು.” “ಹಂಗಾದ್ರ ಬೇರಿಂಗು.” ಇನ್ನೊಂದು ದಿನ, “ಗಾಡಿ ಹೊಂಡುವಾಗ ಒಲಿ ಮ್ಯಾಲಿನ ಕೊಳಗ ಜರಗಿದಂಗಾತು.” “ತುಂಬಿದ ಕೊಳಗನೋ, ಖಾಲಿದೋ?” “ಖಾಲಿದು.” “ಶಾಫ್ಟಿನ ಕೀಲು ಸವದೈತಿ.” ಹಿಂದಿನ ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾದರೆ ಅತ್ತೆಯ ಪ್ರಕಾರ ಅದು ಜ್ವರ ಬಂದ ಕೂಸು ಕುಂಯ್‌ಗುಟ್ಟುವ ಸದ್ದು. ಹೀಗೆ ಅಡುಗೆಮನೆಯನ್ನೂ ಬಾಣಂತಿ ಕೋಣೆಯನ್ನೂ ಅವರು ಕಾರಿನೊಳಗೆ ತಂದಿಟ್ಟಿದ್ದರು. ನಾನು ಹಿಂದೆ ಕೂತು ಇದನ್ನೆಲ್ಲ ಬೆರಗಿನಿಂದ ಕೇಳುತ್ತಿದ್ದೆ. ನನ್ನದು ಪಾತ್ರೆ ಅಂಗಡಿ. ಬಂದ ಗಿರಾಕಿಗಳೆಲ್ಲ ಬಿಂದಿಗೆ ಬಡಿದು ಸದ್ದು ಕೇಳಿಯೇ ಕೊಳ್ಳುತ್ತಾರೆ. ಆದರೂ ನನಗೆ ಎಲ್ಲ ಬಿಂದಿಗೆಯೂ ‘ಠಣ್’ ಎಂದೇ ಕೇಳಿಸುತ್ತಿತ್ತು.

ಒಮ್ಮೆ ಕಂಪ್ಲಿಯ ಪೇಟೆಯಲ್ಲಿ ಕಾರು ಕರ್ಕಶವಾಗಿ ಕಿರುಚತೊಡಗಿತು. ಎಂಜಿನ್ನಿನ ಬೆಲ್ಟು ಸಡಿಲಾಗಿತ್ತು. ದಾರಿಯವರು ಕಿವಿ ಮುಚ್ಚಿಕೊಂಡರು, ಎಮ್ಮೆಯೊಂದು ದಾರಿ ಬಿಟ್ಟು ಓಡಿತು. ಮಾವ ಮಾತ್ರ ತಣ್ಣಗೆ ಸ್ಟೇರಿಂಗ್ ಹಿಡಿದು ಈ ಸಲದ ಭತ್ತದ ಮಾತು ಆಡುತ್ತಿದ್ದರು. ಅತ್ತೆ ಹೊರಗೆ ನೋಡುತ್ತ, “ಯಾಕೋ ಕಿರ್ರ್ ಅಂತೈತಲ್ರಿ” ಎಂದರು. “ಹೂಂ, ನಾನೂ ಆವಾಗಿಂದ ಕೇಳಾಕತ್ತೀನಿ” ಎಂದರು ಮಾವ. ಆಗ ನನಗೆ ಹೊಳೆಯಿತು. ಮಾವನಿಗೆ ಕಿವಿ ಹೋಗಿದೆ. ಹತ್ತಿರದಿಂದ ಜೋರಾಗಿ ಆಡಿದ ಮಾತು ಕೇಳುತ್ತದೆ, ಮಿಕ್ಕಿದ್ದನ್ನು ತುಟಿ ನೋಡಿ ಹಿಡಿಯುತ್ತಾರೆ. ಎಲ್ಲರೂ ಕೂಗಿ ಮಾತಾಡುವ ಮನೆಯಲ್ಲಿ ಅದು ಯಾರಿಗೂ ಗೊತ್ತಾಗಿಲ್ಲ.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಿಯೇಬಿಟ್ಟೆ. ಅವರು ಗಾಬರಿಯಾಗಲಿಲ್ಲ.

“ಗೊತ್ತೈತಿ. ನನಗ ಗೊತ್ತೈತಿ ಅಂತ ಅವರಿಗೆ ಗೊತ್ತಾಗಬಾರ್ದು, ಅಷ್ಟ.”

“ಗಾಡಿ ಓಡಸ್ತಾರಲ್ಲ ಅತ್ತಿ. ಹಿಂದಿಂದ ಲಾರಿ ಬಂದ್ರ?”

“ಹಾರ್ನ್ ಕೇಳಿದ್ರ ನಾನು ಅವರ ಮೊಣಕಾಲಿಗೆ ತಟ್ತೀನಿ. ಸೈಡ್ ಕೊಡ್ತಾರ. ನಾನಿಲ್ಲದ ಅವರು ಗಾಡಿ ತಗ್ಯಂಗಿಲ್ಲ, ನೋಡೀಯೇನು?”

ಹೌದು, ನೋಡಿದ್ದೆ. ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ, ಆದರೆ ನಾನು ತಿಳಿದ ಬಗೆಯದಲ್ಲ.

“ಹೇಳಿಬಿಟ್ರ ಏನಾಗ್ತೈತಿ?” ಎಂದೆ.

ಅತ್ತೆ ಸಾರಿನಲ್ಲಿ ಸೌಟು ಆಡಿಸಿದರು. “ಗಿರಣಿ ಹೋತು. ಹೊಸಾ ಮಿಲ್ಲು ಬಂದ ಮ್ಯಾಲ ಇವರ ಬೆಲ್ಟಿನ ಗಿರಣಿಗೆ ಯಾರ್ ಬರ್ತಾರ? ಇನ್ನ ಉಳದದ್ದು ಈ ಗಾಡಿ. ಕಿವಿ ಇಲ್ಲ ಅಂತ ಒಪ್ಪಿಕೊಂಡ್ರ ಗಾಡಿ ಬಿಡ್ತಾರ. ಗಾಡಿ ಬಿಟ್ರ ಇಲ್ಲಿ ಬಂದು ಕುಂತು ನನ್ನ ಸಾರಿಗೆ ಉಪ್ಪು ನೋಡ್ತಾರ. ನನಗ ಬ್ಯಾಡಪ್ಪ.” ನಗುತ್ತ ಹೇಳಿದರು, ಆದರೆ ಕೊನೆಗೆ ನಗು ನಿಂತಿತು. “ಕಿವಿ ಹೋದ್ರ ಹೋಗ್ಲಿ. ಅವರ ಮುಖ ಇಳಿಯೋದು ನನಗ ನೋಡಾಕಾಗಂಗಿಲ್ಲ.”

ಗಂಡನಿಗೆ ಕಿವುಡು, ಅದು ಹೆಂಡತಿಗೆ ಗೊತ್ತು. ಕೇಳುತ್ತದೆಂದು ಅವರು, ಗೊತ್ತಿಲ್ಲವೆಂದು ಇವರು ನಟಿಸುತ್ತಾರೆ. ಹೀಗೆ ವರ್ಷಗಟ್ಟಲೆ ನಡೆಯಿತು. ದರೋಜಿಗೆ, ಹೊಸಪೇಟೆಗೆ, ಬೀಗರ ಊರುಗಳಿಗೆ ಆ ಕಾರು ಒಂದು ಜೊತೆ ಕಿವಿಯಿಂದ ಇಬ್ಬರನ್ನು ಹೊತ್ತು ಓಡಾಡಿತು. ಸುಖವಾಗಿಯೇ ಓಡಾಡಿತು ಎನ್ನಬೇಕು. ಸಂಸಾರದಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಳ್ಳಬೇಕೆಂದು ಈಗಿನವರು ಹೇಳುತ್ತಾರೆ. ಆ ಇಬ್ಬರನ್ನು ನೋಡಿದ ನನಗೆ ಆ ಬಗ್ಗೆ ಅಷ್ಟು ಖಾತ್ರಿಯಿಲ್ಲ.

ಆಮೇಲೆ ಒಂದು ಚಳಿಗಾಲದಲ್ಲಿ ಹೊಸ ಸದ್ದು ಬಂತು.

ಅತ್ತೆಗೆ ಅದಕ್ಕೆ ಹೋಲಿಕೆ ಸಿಗಲಿಲ್ಲ. ಅದೇ ಮೊದಲು. “ದಬ್ ಅಂತೈತಿ. ಆಮ್ಯಾಲ ದಬ್‌ದಬ್ ಅಂತ ಎರಡು ಕೂಡೇ ಬರ್ತಾವ. ಒಮ್ಮೊಮ್ಮೆ ನಿಂತು ಬಿಡ್ತೈತಿ, ಮತ್ತ ದಬ್. ಏರು ಬಂದ್ರ ಜಾಸ್ತಿ” ಎಂದು ಕೈಯಿಂದ ತೊಡೆಯ ಮೇಲೆ ಬಡಿದು ತೋರಿಸಿದರು. ಮಾವ ಕಾರನ್ನು ಜಾಕಿನ ಮೇಲೆ ಎತ್ತಿ ಕೆಳಗೆ ಮಲಗಿದರು. ಶಾಫ್ಟು ಬಿಚ್ಚಿದರು, ಕೀಲು ಬದಲಿಸಿದರು, ಎಂಜಿನ್ ಕೂರುವ ರಬ್ಬರನ್ನು ಬದಲಿಸಿದರು, ಹಿಂದಿನ ಡಬ್ಬಿ ತೆರೆದು ಒಂದೊಂದು ಹಲ್ಲನ್ನೂ ಬೆರಳಿನಿಂದ ತಡವಿದರು. ಮತ್ತೆ ಗೋಡೆಯ ಪಕ್ಕಕ್ಕೆ ಹೋಗಿ ಬಂದರು. “ಐತಿ” ಎಂದರು ಅತ್ತೆ. “ಐತಿ, ನನಗೂ ಕೇಳ್ತೈತಿ” ಎಂದರು ಮಾವ. ಆದರೆ ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಗೊಂದಲವಿತ್ತು. ಕಿವಿ ಹೋದ ಮೇಲೆ ಅವರು ಕೈಯಿಂದ ಕೇಳುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಗೇರಿನ ಕೋಲಿನ ಮೇಲೆ ಅಂಗೈ ಇಟ್ಟರೆ ಕೆಳಗಿನ ನಡುಕವೆಲ್ಲ ಗೊತ್ತಾಗುತ್ತಿತ್ತು. ಆ ಅಂಗೈಗೆ ಈ ಸದ್ದು ಸಿಗುತ್ತಲೇ ಇರಲಿಲ್ಲ.

ಅದೇ ಹೊತ್ತಿಗೆ ಚೋರನೂರಿನಲ್ಲಿ ಅತ್ತೆಯ ಅಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಸಂಡೂರಿನ ಗುಡ್ಡ ಹತ್ತಿ ಇಳಿದು ಹೋಗಬೇಕು. “ನೀನೂ ಬಾ. ಇನ್ನೊಂದ್ ಕಿವಿ ಇರ್ಲಿ” ಎಂದು ಮಾವ ಕರೆದರು. ಹಿಂದಿನ ದಿನವೇ ಕಂಪ್ಲಿಗೆ ಹೋಗಿ, ಬೆಳಿಗ್ಗೆ ಅವರ ಜೊತೆ ಹೊರಟೆ. ನನ್ನ ಪಕ್ಕದಲ್ಲಿ ಕೂಸಿನ ಕುಲಾವಿ, ಬೆಳ್ಳಿ ಕಾಲುಗಡಗ, ಉಂಡೆಯ ಡಬ್ಬಿ. ಗೋಡೆ ಬಂದಾಗ ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು. “ಕೇಳ್ತೇನು?”

ಉಸಿರು ಹಿಡಿದು ಕೇಳಿದೆ. ಗಾಳಿ, ಎಂಜಿನ್ನು, ಡಬ್ಬಿಯೊಳಗೆ ಉಂಡೆ ಉರುಳುವುದು. “ನನಗೇನೂ ಕೇಳ್ಸವಲ್ದು ಮಾವ” ಎಂದೆ.

“ಪಾತ್ರಿ ಬಡದು ಬಡದು ನಿನ್ನ ಕಿವಿ ಹೋಗ್ಯಾವಲೇ” ಎಂದರು ಮಾವ. ಅತ್ತೆ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ನನಗೂ ನಗು ಬಂತು. ಹಾಗೆ ನಾವು ನಗುತ್ತ ಹೊಸಪೇಟೆ ದಾಟಿದೆವು.

ಏರು ಶುರುವಾಯಿತು. ಇಕ್ಕೆಲದ ಗಿಡಗಳೆಲ್ಲ ಧೂಳಿನಿಂದ ಕೆಂಪು. ಅದಿರಿನ ಲಾರಿಗಳು ತಾಡಪಾಲು ಹೊದ್ದು ನರಳುತ್ತ ಹತ್ತುತ್ತಿದ್ದವು. “ಈಗ ಭಾಳ ಐತ್ರಿ” ಎಂದರು ಅತ್ತೆ. ಮಾವ ಕ್ಲಚ್ ತುಳಿದರು. ಎಂಜಿನ್ನಿನ ಹೊರೆ ಇಳಿಯಿತು. “ಈಗ?” “ಐತಿ.” ಗುಡ್ಡದ ನೆತ್ತಿ ದಾಟಿ ಸ್ವಲ್ಪ ಇಳಿಜಾರು ಬಂದ ಕಡೆ ಗೇರು ತೆಗೆದು ಕಾರನ್ನು ಹಾಗೇ ಉರುಳಲು ಬಿಟ್ಟರು. “ಈಗ?” “ಐತಿ.” ಜೋರು ಬಿಟ್ಟರು, ನಿಧಾನ ಮಾಡಿದರು. ಚಕ್ರದಲ್ಲೋ ಶಾಫ್ಟಿನಲ್ಲೋ ದೋಷವಿದ್ದರೆ ಓಟದ ಜೊತೆ ಸದ್ದೂ ಏರಿ ಇಳಿಯಬೇಕು. “ಏನರ ಬದಲಾತೇನು?” “ಇಲ್ಲ. ಹಂಗ ಐತಿ.” ಒಂದೊಂದೇ ಬಾಗಿಲು ಮುಚ್ಚುತ್ತ ಹೋದಂತೆ ಮಾವ ಒಂದೊಂದೇ ಭಾಗವನ್ನು ಬದಿಗಿಡುತ್ತಿದ್ದರು. ಎಂಜಿನ್ ಅಲ್ಲ. ಗೇರ್ ಅಲ್ಲ. ಶಾಫ್ಟ್ ಅಲ್ಲ. ಚಕ್ರವೂ ಅಲ್ಲ.

ಒಂದು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದರು. ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದರು. ಲಾರಿಯೊಂದು ಹಾದುಹೋಗಿ ಸದ್ದಡಗಿತು.

“ಈಗ?”

“ಐತ್ರಿ” ಎಂದರು ಅತ್ತೆ, ಕಿಟಕಿಯ ಹೊರಗೆ ನೋಡುತ್ತಲೇ.

ಹೇಳಿದ ಮೇಲೆ ಅವರಿಗೇ ಅದು ವಿಚಿತ್ರವೆನಿಸಿ ತಿರುಗಿದರು. ಮಾವ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಮುಂದೆ ನೋಡುತ್ತಿದ್ದರು. ‘ಐತಿ, ನನಗೂ ಕೇಳ್ತೈತಿ’ ಎನ್ನಬೇಕಾದ ಜಾಗ ಅದು. ಅವರು ಅನ್ನಲಿಲ್ಲ.

“ಗೌರಾ,” ಎಂದರು, ಅತ್ತೆಯ ಕಡೆ ತಿರುಗಿ. ನನ್ನೆದುರಿಗೆ ಅವರು ಹೆಂಡತಿಯ ಹೆಸರು ಹಿಡಿದದ್ದು ಅದೇ ಮೊದಲು. “ನನಗೇನೂ ಕೇಳ್ಸಂಗಿಲ್ಲ. ಈ ಗಾಡಿ ಸದ್ದು ನಾನು ಕೇಳಿ ಭಾಳ ವರ್ಷಾತು. ಅದು ಎಲ್ಲಿ ಬಡೀತೈತಿ, ನೀನ ತೋರ್ಸಬೇಕು.”

“ಗೊತ್ತೈತಿ ಬಿಡ್ರಿ” ಎಂದರು ಅತ್ತೆ ಮೆತ್ತಗೆ.

ಅದು ಅವರಿಗೆ ಕೇಳಿಸಿರಲಿಕ್ಕಿಲ್ಲ. ತುಟಿ ನೋಡಿ ತಿಳಿದುಕೊಂಡರು. ಕಣ್ಣು ತುಂಬಿದವು. ಒರೆಸಿಕೊಳ್ಳಲೂ ಇಲ್ಲ. “ಅದು ಇರ್ಲಿ. ಎಲ್ಲಿ ಬಡೀತೈತಿ?”

ಅತ್ತೆ ತಮ್ಮ ಕಿವಿಯ ಹಿಂದೆ ಬೆರಳಿಟ್ಟರು. ಆಮೇಲೆ ಕೊರಳ ಮೇಲೆ. ಮಾವ ಅವರ ಮುಂಗೈ ಹಿಡಿದು, ಬಳೆ ಮೇಲೆ ಸರಿಸಿ, ಬೇರಿಂಗಿನ ಮೇಲೆ ಇಡುತ್ತಿದ್ದಂತೆ ಮೂರು ಬೆರಳು ಇಟ್ಟರು. ಬಹಳ ಹೊತ್ತು ಹಾಗೇ ಕೂತರು. ಮಾವನ ತುಟಿ ಸಣ್ಣಗೆ ಆಡುತ್ತಿತ್ತು. ದಬ್. ದಬ್‌ದಬ್. ಇಲ್ಲ. ದಬ್. ಅತ್ತೆ ಇಷ್ಟು ದಿನ ತೊಡೆಯ ಮೇಲೆ ಬಡಿದು ತೋರಿಸಿದ್ದು ಅದೇ. ಗಂಡನಿಗಾಗಿ ಸದ್ದು ಹಿಡಿಯಲು ಎಷ್ಟು ವರ್ಷದಿಂದ ಕಿವಿ ತೆರೆದು ಕೂತಿದ್ದರೆಂದರೆ, ತಮ್ಮ ಎದೆ ಲಯ ತಪ್ಪಿದ್ದು ಕೇಳಿದಾಗಲೂ ಅದನ್ನು ಗಾಡಿಯ ಲೆಕ್ಕಕ್ಕೇ ಹಾಕಿದ್ದರು.

ಮಾವ ಇಳಿದು ಬಂದು ಹಿಂದಿನ ಬಾಗಿಲು ತೆರೆದರು. “ಗಾಡಿ ನೀ ಹೊಡಿ. ಹೊಸಪೇಟಿಗೆ. ಜಲ್ದಿ ಬ್ಯಾಡ, ಜರ್ಕ್ ಬ್ಯಾಡ” ಎಂದರು. ಆ ಕಾರಿನ ಸ್ಟೇರಿಂಗನ್ನು ಅವರು ಇನ್ನೊಬ್ಬರಿಗೆ ಕೊಟ್ಟಿದ್ದನ್ನು ನಾನು ನೋಡಿರಲಿಲ್ಲ. ಅತ್ತೆ, “ಅಣ್ಣನ ಮನ್ಯಾಗ ಎಲ್ಲಾರೂ ಕಾಯ್ತಾರ್ರಿ, ಕೂಸಿನ ಕುಲಾವಿ ನಮ್ಮ ಹತ್ರ ಐತಿ” ಎನ್ನುತ್ತಲೇ ಇದ್ದರು. “ಕಾಯ್ಲಿ” ಎಂದರು ಮಾವ. ಹೆಂಡತಿಯನ್ನು ಹಿಂದಿನ ಸೀಟಿಗೆ ಕರೆತಂದು, ಅವರ ಮಗ್ಗುಲಲ್ಲಿ ಕುಳಿತು, ದಾರಿಯುದ್ದಕ್ಕೂ ಆ ಮುಂಗೈ ಬಿಡಲಿಲ್ಲ. ನಾನು ಇಳಿಜಾರಿನಲ್ಲಿ ಹಾಲಿನ ಕೊಡ ಹೊತ್ತವನಂತೆ ಕಾರು ಇಳಿಸಿದೆ.

ಹೃದಯದ ಒಂದು ಕವಾಟ ಸಣ್ಣಗಾಗಿತ್ತು. ಎಳೆಯ ವಯಸ್ಸಿನಲ್ಲಿ ಬಂದ ಯಾವುದೋ ಜ್ವರದ ಉಳಿಕೆಯಂತೆ. ಮಾಳಿಗೆಯ ಮೆಟ್ಟಿಲ ನಡುವೆ ಅತ್ತೆ ಕುಳಿತುಬಿಡುತ್ತಿದ್ದುದನ್ನು ನಾವೆಲ್ಲ ಮೈ ಬಂದಿದೆ ಎಂದುಕೊಂಡಿದ್ದೆವು. ಇನ್ನು ತಡ ಮಾಡಿದ್ದರೆ ಕಷ್ಟವಿತ್ತು ಎಂದ ಡಾಕ್ಟರು, ಹೇಗೆ ಗೊತ್ತಾಯಿತೆಂದು ಕೇಳಿದರು. “ಎಂಜಿನ್ ಬಂದ್ ಮಾಡಿದ ಮ್ಯಾಲೂ ಸದ್ದಿತ್ರಿ” ಎಂದರು ಮಾವ. ಡಾಕ್ಟರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ದೊಡ್ಡ ಆಸ್ಪತ್ರೆಗೆ ಹೋಗಿ, ಎದೆ ತೆರೆದು, ಕೆಟ್ಟ ಕವಾಟ ತೆಗೆದು ಲೋಹದ್ದೊಂದು ಕೂರಿಸಿಕೊಂಡು ಬಂದರು. ಮಾವ ತಾವಾಗಿಯೇ ಕಾರು ಬಿಟ್ಟರು. ಕಿವಿಗೆ ಯಂತ್ರ ಬಂತು. ಅತ್ತೆ ಹೆದರಿದ್ದಂತೆಯೇ ಸಾರಿಗೆ ಉಪ್ಪು ನೋಡುವುದೂ ಶುರುವಾಯಿತು. ಆದರೆ ಮುಖ ಇಳಿಯಲಿಲ್ಲ.

ಗ್ಯಾರೇಜಿನ ಹುಡುಗಿ, ಕಾರು ಬಿಟ್ಟು ಹೋಗಿ, ಬಿಚ್ಚಿ ನೋಡುತ್ತೇವೆ ಎಂದಳು. ನಾನು, ಇರಲಿ, ಮೊದಲು ಒಬ್ಬರನ್ನು ಕೇಳಿ ಬರುತ್ತೇನೆಂದು ಹೇಳಿ, ಕೆಮ್ಮುವ ಕಾರಿನಲ್ಲೇ ಕಂಪ್ಲಿಗೆ ಹೋದೆ. ಮಧ್ಯಾಹ್ನದ ಊಟವಾಗಿತ್ತು. ಅತ್ತೆ ಪಡಸಾಲೆಯ ಮಂಚದ ಮೇಲೆ ಮಲಗಿ ನಿದ್ದೆ ಹೋಗಿದ್ದರು. ನಾನು ಕಾರಿನ ಮಾತು ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತು ಮನೆಯೆಲ್ಲ ನಿಶ್ಶಬ್ದವಾಯಿತು. ಆಗ ನನಗೆ ಕೇಳಿಸಿತು, ಸಣ್ಣಗೆ, ಮಂಚದ ಕಡೆಯಿಂದ. ನಾನು ತಲೆ ತಿರುಗಿಸಿದ್ದನ್ನು ಮಾವ ಕಂಡರು. ನನ್ನ ರಟ್ಟೆ ಹಿಡಿದು ಮಂಚದ ಹತ್ತಿರ ಕರೆದೊಯ್ದರು.

“ಅಕಿ ಎದ್ಯಾಗಿನ ಲೋಹದ ಕವಾಟ ಬಡಿಯೋದು ಎಲ್ಲಾರಿಗೂ ಕೇಳ್ತೈತಂತ” ಎಂದರು, ಅವರ ಮಟ್ಟಿಗೆ ಅದು ಪಿಸುಮಾತು. ಕಿವಿಯ ಯಂತ್ರ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದರು. “ಇದರಾಗ ಫ್ಯಾನ್ ಬರ್ತೈತಿ, ಓಣ್ಯಾಗಿನ ನಾಯಿ ಬರ್ತೈತಿ. ಅದೊಂದು ಬರಂಗಿಲ್ಲ. ಕೈ ಹಿಡಿದ್ರ ನಾಡಿ ಸಿಗ್ತೈತಿ, ಸದ್ದು ಸಿಗಂಗಿಲ್ಲ. ಹೆಂಗ ಐತಿ, ಹೇಳು.”

ಬಗ್ಗಿ ಕೇಳಿದೆ. ಬಹಳ ಹೊತ್ತು ಕೇಳಿದೆ. ಅವರಿಗೆ ತುಟಿ ಕಾಣುವಂತೆ ತಿರುಗಿ, “ಬಳಿಗೆ ಬಳಿ ತಾಗಿದಂಗ ಐತಿ ಮಾವ” ಎಂದೆ.

“ಬಂಗಾರದ್ದೋ, ಗಾಜಿಂದೋ?”

ಮತ್ತೆ ಬಗ್ಗಿದೆ. “ಗಾಜಿಂದು.”

“ಒಂದ ಸಮ ಐತೇನು?”

“ಒಂದ ಸಮ ಐತಿ.”

ಮಾವ ಅದನ್ನು ಸದ್ದಿಲ್ಲದೆ ತುಟಿಯಲ್ಲೇ ಒಮ್ಮೆ ಹೇಳಿಕೊಂಡರು. ಆಮೇಲೆ ಸ್ಟೂಲು ಎಳೆದು ನನ್ನ ಮುಖ ಕಾಣುವಂತೆ ಕುಳಿತರು.

“ಇನ್ನೊಂದ್ಸಲ ಕೇಳು” ಎಂದರು.